ಬಂಡೆಯ ಮೇಲಿನ ಗೂಳಿ, ಕಣಿವೆಯೊಳಗಿನ ಬೂದಿ

ಮಲೆನಾಡಿನಿಂದ ಬಂದವರಿಗೆ ನಮ್ಮ ಯಾದಗಿರಿ ಜಿಲ್ಲೆಯ ಗುಡ್ಡಗಳು ಕಣ್ಣಿಗೆ ತುಂಬುವುದಿಲ್ಲ. ಶಹಾಪುರದ ಬಂಡೆಗುಡ್ಡ, ಸುರಪುರದ ಕೋಟೆಗುಡ್ಡ, ಹುಣಸಗಿ ಆಸುಪಾಸಿನ ಚಪ್ಪಟೆ ನೆತ್ತಿಯ ಸುಣ್ಣಕಲ್ಲಿನ ದಿನ್ನೆಗಳು, ಯಾವುದೂ ಮೋಡ ಮುಟ್ಟುವಷ್ಟು ಎತ್ತರವಿಲ್ಲ. ಬೆಳಿಗ್ಗೆ ಹತ್ತಲು ಶುರು ಮಾಡಿದರೆ ಬಿಸಿಲು ಏರುವುದರೊಳಗೆ ಇಳಿದು ಬರಬಹುದು. ಆದರೆ ಗುಡ್ಡದ ನೆತ್ತಿಯಿಂದ ಕಣ್ಣು ಇಳಿಸಿ ಅದರ ಮಗ್ಗುಲಿನ ತಗ್ಗನ್ನು ನೋಡುವ ರೂಢಿ ಮಾಡಿಕೊಂಡರೆ ಈ ಸೀಮೆ ಬೇರೆಯಾಗಿಯೇ ಕಾಣತೊಡಗುತ್ತದೆ. ಹುಣಸಗಿ ಮತ್ತು ಬೈಚಬಾಳ ಎಂಬ ಜೋಡಿ ಕಣಿವೆಗಳು ಇಲ್ಲಿವೆ. ಎರಡೂ ಸೇರಿ ಸುಮಾರು 500 ಚದರ ಕಿಲೋಮೀಟರ್. ಒಂದು ಕಡೆ ಸುಣ್ಣಕಲ್ಲು ಮತ್ತು ಜೇಡಿಕಲ್ಲಿನ ದಿನ್ನೆಗಳು, ಇನ್ನೊಂದು ಕಡೆ ಬೆಣಚು ತುಂಬಿದ ಗಟ್ಟಿ ಬಂಡೆಯ ಸಣ್ಣ ಗುಡ್ಡಗಳು. ನಡುವೆ ಎರೆ ಹೊಲ, ಹಳ್ಳ, ಜಾಲಿ, ಈಗೀಗ ಕಾಲುವೆ ನೀರಿನ ಭತ್ತ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಎರಡನೇ ಸಲ ನೋಡುವ ಜಾಗವಲ್ಲ.

ಈ ತಗ್ಗಿನಲ್ಲಿ ಆದಿ ಹಳೆಶಿಲಾಯುಗದ, ಅಂದರೆ ಕಲ್ಲಿನ ಆಯುಧ ಬಳಸಿದ ಅತಿ ಹಳೆಯ ಕಾಲದ, ಇನ್ನೂರಕ್ಕೂ ಹೆಚ್ಚು ನೆಲೆಗಳು ಸಿಕ್ಕಿವೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರು 1960ರ ದಶಕದಲ್ಲಿ ಸುರಪುರ ಸೀಮೆಗೆ ಬಂದವರು ಮುಂದೆ ದಶಕಗಳ ಕಾಲ ಇಲ್ಲಿಯ ಹಳ್ಳ, ಬದು, ಬೀಳು ಭೂಮಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಹುಡುಕಿದ ನೆಲೆಗಳಿವು. ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಜಗತ್ತಿನ ಪ್ರಾಗೈತಿಹಾಸದ ವಿದ್ವಾಂಸರಿಗೆ ಹುಣಸಗಿ ಗೊತ್ತು, ಇಸಾಂಪುರ ಗೊತ್ತು, ಬೂದಿಹಾಳ ಗೊತ್ತು. ಕಲಬುರಗಿಯಲ್ಲಿ ಓದಿದ ಹತ್ತು ಮಂದಿಯನ್ನು ಕೇಳಿದರೆ ಇವುಗಳಲ್ಲಿ ಒಂದರ ಹೆಸರು ಹೇಳುವವರು ಒಬ್ಬರೋ ಇಬ್ಬರೋ. ಈ ಬರಹ ಬರೆಯಲು ಆ ಸಂಕಟವೂ ಒಂದು ಕಾರಣ.

ಇನ್ನೊಂದು ಕಾರಣ ಒಂದು ಗೂಳಿ.

ಕೃಷ್ಣೆಯ ಆಚೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ ಹತ್ತಿರ ಪಿಕಳಿಹಾಳ ಎಂಬ ಊರಿದೆ. ನಮ್ಮ ಕಣಿವೆಗಳಿಗೂ ಅದಕ್ಕೂ ನಡುವೆ ಇರುವುದು ಒಂದು ಹೊಳೆ ಮತ್ತು ಒಂದಿಷ್ಟು ಬಯಲು. ಅಲ್ಲಿಯ ಗುಡ್ಡಗಳ ಬಂಡೆಗಳ ಮೇಲೆ ದನಗಳ ಚಿತ್ರಗಳಿವೆ. ಬ್ರಿಟಿಷ್ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಅಲ್ಲಿ ಉತ್ಖನನ ಮಾಡಿ 1960ರಲ್ಲಿ ವರದಿ ಪ್ರಕಟಿಸಿದರು. ಕೆಲವು ಚಿತ್ರಗಳು ಕೆಮ್ಮಣ್ಣಿನ ಬಣ್ಣದವು, ಹಲವು ಕುಟ್ಟಿ ಮೂಡಿಸಿದವು. ಕುಟ್ಟು ಚಿತ್ರವನ್ನು ಹತ್ತಿರದಿಂದ ನೋಡಬೇಕು. ಗಟ್ಟಿ ಕಲ್ಲಿನಿಂದ ಬಂಡೆಯ ಮೈಯನ್ನು ಒಂದೇ ಸಮ ಬಡಿದಾಗ ಬಿಸಿಲು ಮಳೆಗೆ ಕಪ್ಪಿಟ್ಟ ಮೇಲ್ಪದರ ಉದುರಿ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಒಂದೊಂದು ಏಟೂ ಒಂದೊಂದು ಚುಕ್ಕಿ. ಚುಕ್ಕಿಗಳು ಒತ್ತೊತ್ತಾಗಿ ಸೇರಿದಲ್ಲಿ ಗೂಳಿಯ ಹಿಣಲು ಎದ್ದಿದೆ, ಸಾಲಾಗಿ ಹೋದಲ್ಲಿ ಕೊಂಬು ಚಾಚಿದೆ. ಕೊಂಬು ಉದ್ದ, ಬಲು ಉದ್ದ. ಮೈಗಿಂತ ಕೊಂಬಿನ ಮೇಲೆಯೇ ಬಿಡಿಸಿದವರ ಮನಸ್ಸು ನೆಟ್ಟಿತ್ತೆಂದು ನೋಡಿದ ಕೂಡಲೇ ತಿಳಿಯುತ್ತದೆ. ಸಾವಿರಾರು ವರ್ಷಗಳಲ್ಲಿ ಆ ತಿಳಿ ಬಣ್ಣವೂ ಮತ್ತೆ ಮಾಗಿ ಸುತ್ತಲಿನ ಬಂಡೆಯ ಬಣ್ಣಕ್ಕೆ ಹತ್ತಿರವಾಗಿದೆ. ನಡುಹಗಲಲ್ಲಿ ಮುಂದೆ ನಿಂತರೂ ಕಾಣದ ಗೂಳಿ ಸಂಜೆಯ ಓರೆ ಬಿಸಿಲು ಬಿದ್ದ ಕೂಡಲೇ ಎದ್ದು ನಿಲ್ಲುತ್ತದೆ.

ಇಂಥ ಚಿತ್ರದ ಮುಂದೆ ನಿಂತವರು ಕೇಳುವುದು ಎರಡು ಪ್ರಶ್ನೆ: ಯಾರು ಬಿಡಿಸಿದರು, ಎಷ್ಟು ಹಳೆಯದು. ಎರಡೂ ಬೇಕಾದ ಪ್ರಶ್ನೆಗಳೇ. ನನಗೆ ಮಾತ್ರ ಅವಕ್ಕಿಂತ ಮೊದಲು ಬೇರೆ ಏನೇನೋ ಕೇಳಬೇಕೆನಿಸುತ್ತದೆ. ಈ ಗೂಳಿ ನೀರು ಕುಡಿದದ್ದು ಎಲ್ಲಿ? ಬೇಸಿಗೆಯಲ್ಲಿ ಅದಕ್ಕೆ ಮೇವು ಯಾವ ದಿಕ್ಕಿನಿಂದ ಬಂತು? ರಾತ್ರಿ ಅದನ್ನು ಕಟ್ಟಿದ್ದೋ ಕೂಡಿದ್ದೋ? ಬಂಡೆಯ ಮೇಲಿನ ಚಿತ್ರ ಕಣಿವೆಯ ಬದುಕಿನ ತುದಿ. ಬೇರು ಕೆಳಗೆ ಹಳ್ಳದ ದಂಡೆಯಲ್ಲಿ, ಹುಲ್ಲಿನಲ್ಲಿ, ಸಗಣಿಯಲ್ಲಿ, ಕಲ್ಲಿನ ಚಕ್ಕೆಗಳಲ್ಲಿ ಇದೆ. ಚಿತ್ರಗಳನ್ನಷ್ಟೇ ಫೋಟೊ ತೆಗೆದುಕೊಂಡು ಕಣಿವೆಯನ್ನು ಬಿಟ್ಟು ಬಂದರೆ ಕಥೆಯ ದೊಡ್ಡ ಪಾಲು ಅಲ್ಲೇ ಉಳಿಯುತ್ತದೆ. ಆ ದೊಡ್ಡ ಪಾಲು ಹೊಳೆಯ ಈಚೆ, ನಮ್ಮ ಸುರಪುರ, ಹುಣಸಗಿ, ಶಹಾಪುರದ ಮಣ್ಣಿನಲ್ಲಿ ಇದೆ.

ಇಸಾಂಪುರದಿಂದ ಶುರು ಮಾಡುತ್ತೇನೆ. 1980ರ ದಶಕದಲ್ಲಿ ನೀರಾವರಿ ಕಾಮಗಾರಿಗೆಂದು ಇಲ್ಲಿಯ ಕರಿಮಣ್ಣನ್ನು ಅಗೆದು ಸಾಗಿಸಿದಾಗ ಕೆಳಗೆ ಸುಣ್ಣಕಲ್ಲಿನ ಹಾಸು ತೆರೆದುಕೊಂಡಿತು. ಹಾಸಿನ ಮೇಲೆ ಕಲ್ಲಿನ ಆಯುಧಗಳು, ಅರ್ಧ ಕೆತ್ತಿದ ಹಾಳೆಗಳು, ಲೆಕ್ಕವಿಲ್ಲದಷ್ಟು ಚಕ್ಕೆಗಳು ಹರಡಿದ್ದವು. 1990ರ ದಶಕದ ಕೊನೆಯಲ್ಲಿ ಪದ್ದಯ್ಯ ಮತ್ತು ಸಂಗಡಿಗರು ಅಲ್ಲಿ ಅಗೆತ ನಡೆಸಿದರು. ಆಗ ಗೊತ್ತಾದದ್ದು, ಅದೊಂದು ಕಲ್ಲುಗಣಿ, ಜೊತೆಗೇ ಕಮ್ಮಟ. ಕಲ್ಲು ಎಬ್ಬಿಸಿದ್ದು ಅಲ್ಲೇ, ಕೆತ್ತಿದ್ದೂ ಅಲ್ಲೇ. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲುಗಳನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ಕಾಲ ಎಣಿಸುವ ವಿಧಾನದಲ್ಲಿ ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. ತಮಿಳುನಾಡಿನ ಅತ್ತಿರಂಪಾಕ್ಕಂ ಸುಮಾರು 15 ಲಕ್ಷ ವರ್ಷದ್ದು. ಭಾರತದಲ್ಲಿ ಇಷ್ಟು ಹಿಂದಕ್ಕೆ ಹೋಗುವ ನೆಲೆಗಳು ಬೆರಳೆಣಿಕೆಯವು. ಅವುಗಳಲ್ಲಿ ಒಂದು ನಮ್ಮ ಹುಣಸಗಿಯ ಮಗ್ಗುಲಿನಲ್ಲಿದೆ. ಆ ಕಲ್ಲು ಕೆತ್ತಿದವರು ನಮ್ಮ ಪ್ರಭೇದದ ಮನುಷ್ಯರೂ ಅಲ್ಲ. ನಮ್ಮ ಕುಲ ಆಫ್ರಿಕಾದಲ್ಲಿ ಹುಟ್ಟುವುದಕ್ಕೂ ಎಷ್ಟೋ ಲಕ್ಷ ವರ್ಷ ಮೊದಲಿನ ನೆಂಟರು.

ಆ ನೆಂಟರು ಕೆಲಸ ಮಾಡಿದ ಬಗೆ ಗಮನಿಸುವಂಥದ್ದು. ಭೀಮಾ ಪ್ರಸ್ತರದ ಸುಣ್ಣಕಲ್ಲು ನೆಲದಲ್ಲಿ ಹಾಳೆ ಹಾಳೆಯಾಗಿ ಕೂತಿರುತ್ತದೆ, ನಡುನಡುವೆ ತಾನಾಗಿಯೇ ಬಿರುಕು ಬಿಟ್ಟಿರುತ್ತದೆ. ಬಿರುಕಿನ ಗುಂಟ ಮೀಟಿದರೆ ಹಾಳೆ ಎದ್ದು ಬರುತ್ತದೆ. ದಪ್ಪ ಹದವಾಗಿರುವ ಹಾಳೆಯನ್ನು ಆರಿಸಿಕೊಂಡು ಅಂಚಿನಿಂದ ಚಕ್ಕೆ ಎಬ್ಬಿಸಿದರೆ ಕೈಗೊಡಲಿ. ದೊಡ್ಡ ಹಾಳೆಯಿಂದ ಒಂದೇ ಏಟಿಗೆ ಅಗಲವಾದ ಚಕ್ಕೆ ಹೊಡೆದು, ಅದರ ಹರಿತವಾದ ಅಂಚನ್ನು ಹಾಗೇ ಉಳಿಸಿಕೊಂಡರೆ ಮಚ್ಚು. ಬಡಿಯಲು ಸುಣ್ಣಕಲ್ಲು ನಡೆಯುವುದಿಲ್ಲ, ಅದಕ್ಕಿಂತ ಗಟ್ಟಿಯಾದ ಕಲ್ಲು ಬೇಕು. ಅದಕ್ಕೆಂದೇ ಕರಿಕಲ್ಲು, ಬೆಣಚುಕಲ್ಲಿನ ಗುಂಡುಗಳನ್ನು ಬೇರೆ ಕಡೆಯಿಂದ ಹೊತ್ತು ತಂದಿದ್ದಾರೆ. ಅಂದರೆ ಯಾವ ಕಲ್ಲು ಎಲ್ಲಿ ಸಿಗುತ್ತದೆ, ಯಾವುದು ಯಾವ ಕೆಲಸಕ್ಕೆ ಬರುತ್ತದೆ ಎಂಬ ನಕ್ಷೆ ತಲೆಯಲ್ಲಿ ಇತ್ತು. ಕಲಬುರಗಿ ಜಿಲ್ಲೆಯ ಹಳೆ ಮನೆಗಳಲ್ಲಿ ಬೆಳೆದವರಿಗೆ ಈ ಕಲ್ಲು ಪರಕೀಯವಲ್ಲ. ನಾವು ಅಂಗಾತ ಮಲಗಿ ಬೇಸಿಗೆ ಕಳೆದ ಶಹಾಬಾದಿ ಫರಸಿ ಇದೇ ಭೀಮಾ ಪ್ರಸ್ತರದ ಕಲ್ಲು. ಹಾಳೆಯಾಗಿ ಏಳುವ ಅದರ ಗುಣವನ್ನು ಶಹಾಬಾದಿನ ಗಣಿಯವರಿಗಿಂತ ಹನ್ನೆರಡು ಲಕ್ಷ ವರ್ಷ ಮೊದಲೇ ಒಬ್ಬರು ಕಂಡುಕೊಂಡಿದ್ದರು.

ಈಗ ನೀರು. ಈ ಸೀಮೆಯಲ್ಲಿ ಎಲ್ಲ ಮಾತೂ ಕಡೆಗೆ ನೀರಿಗೇ ಬಂದು ನಿಲ್ಲುತ್ತದೆ. ವರ್ಷಕ್ಕೆ ಬೀಳುವ ಮಳೆ ಆರೇಳು ನೂರು ಮಿಲಿಮೀಟರ್, ಅದೂ ಜೂನ್‌ನಿಂದ ಅಕ್ಟೋಬರ್ ಒಳಗೆ. ಮಳೆಗಾಲದಲ್ಲಿ ಕಣಿವೆಯ ತುಂಬಾ ಹೊಂಡ, ಹಳ್ಳ, ಹಸಿರು. ಫೆಬ್ರವರಿ ದಾಟಿದ ಮೇಲೆ ನೆಲ ಬಾಯಿಬಿಡುತ್ತದೆ. ಆದರೆ ಸುಣ್ಣಕಲ್ಲಿನ ದಿನ್ನೆಯ ಬುಡದಲ್ಲಿ ಕೆಲವು ಕಡೆ ಒರತೆಗಳಿದ್ದವು, ಬೇಸಿಗೆಯಲ್ಲೂ ಬತ್ತದವು. ಸುಣ್ಣ ಕರಗಿದ ಆ ನೀರು ಹೊರಗೆ ಬಂದಾಗ ಸುಣ್ಣವನ್ನು ಪದರ ಪದರವಾಗಿ ಬಿಟ್ಟು ಹೋಗುತ್ತದೆ. ಹಾಗೆ ಹೆಪ್ಪುಗಟ್ಟಿದ ಸುಣ್ಣದ ಗಡ್ಡೆಗಳು ಹುಣಸಗಿ ಕಣಿವೆಯಲ್ಲಿ ಈಗಲೂ ಸಿಗುತ್ತವೆ, ಒಂದು ಕಾಲಕ್ಕೆ ಇಲ್ಲಿ ಜೀವಂತ ಒರತೆ ಇತ್ತು ಎಂಬುದಕ್ಕೆ ಸಾಕ್ಷಿಯಾಗಿ. ಪದ್ದಯ್ಯನವರು ನೆಲೆಗಳ ಹರವನ್ನು ನೋಡಿ ಒಂದು ವಿವರಣೆ ಕೊಟ್ಟರು. ಬೇಸಿಗೆಯಲ್ಲಿ ಗುಂಪುಗಳು ಒರತೆಗಳ ಹತ್ತಿರ ಒಟ್ಟಾಗುತ್ತಿದ್ದವು, ಆಗ ಆಹಾರಕ್ಕೆ ಬೇಟೆಯ ಮೇಲೆ ಹೆಚ್ಚು ಭಾರ. ಮಳೆ ಬಂದೊಡನೆ ಚಿಕ್ಕ ಚಿಕ್ಕ ತಂಡಗಳಾಗಿ ಕಣಿವೆಯ ಉದ್ದಗಲಕ್ಕೆ ಚದುರುತ್ತಿದ್ದವು, ಆಗ ಗೆಡ್ಡೆ, ಹಣ್ಣು, ಸೊಪ್ಪು, ಸಣ್ಣಪುಟ್ಟ ಪ್ರಾಣಿ. ವಿದ್ವಾಂಸರು ಇದರ ಮೇಲೆ ವಾದ ಮಾಡಿದ್ದಾರೆ, ಮಾಡಬೇಕು. ನನಗೆ ಅದು ಮನಸ್ಸಿಗೆ ಹಿಡಿಸಿದ್ದು ಈ ಸೀಮೆಯಲ್ಲಿ ಹುಟ್ಟಿದವನಾಗಿ. ಕೂಡುವುದು, ಚದುರುವುದು, ಮತ್ತೆ ಕೂಡುವುದು, ಈ ತಾಳಕ್ಕೆ ಇಲ್ಲಿಯ ಕುರಿಗಾರರು ಇವತ್ತಿಗೂ ನಡೆಯುತ್ತಾರೆ. ಸುಗ್ಗಿ ಮುಗಿದ ಮೇಲೆ ಯಾರ ಹೊಲದಲ್ಲಿ ಕುರಿ ತರುಬಬೇಕು, ಯಾವ ಹಳ್ಳದಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ, ಯಾವ ಗುಡ್ಡದ ನೆರಳಿಗೆ ಮಧ್ಯಾಹ್ನ ಹಿಂಡು ತರಬೇಕು ಎಂಬುದು ಅವರಿಗೆ ಬಾಯಿಪಾಠ. ಬೈಚಬಾಳದ ಕಡೆ ಸಿಕ್ಕ ಒಬ್ಬ ಹಿರಿಯ ಕುರಿಗಾರ ನನಗೆ ಹೇಳಿದ್ದು ಇಷ್ಟೇ: "ಗುಡ್ಡ ನೋಡ್ಕೋತ ಹೋದ್ರ ಕುರಿ ಸಾಯ್ತಾವ್ರಿ. ಗುಡ್ಡದ ಬುಡಕ ನೀರು ಎಲ್ಲಿ ಅದ ಅಂತ ನೋಡ್ಕೋತ ಹೋಗ್ಬೇಕು."

ಬೆಂಗಳೂರು, ಮುಂಬೈ, ಪುಣೆಗೆ ಗುಳೇ ಹೋಗುವ ನಮ್ಮ ಜನರ ವಿಷಯ ಬೇರೆ. ಅದು ಹಸಿವಿನ, ಕೂಲಿಯ, ಸಾಲದ ಕಥೆ. ಅದನ್ನು ಹಳೆಯ ಅಲೆದಾಟದ ಮುಂದುವರಿಕೆ ಎಂದು ಚೆಂದ ಮಾಡಿ ಹೇಳುವುದು ನನಗೆ ಒಪ್ಪಿತವಲ್ಲ.

ಲಕ್ಷಾಂತರ ವರ್ಷಗಳನ್ನು ದಾಟಿ ಗೂಳಿಯ ಕಾಲಕ್ಕೆ ಬರೋಣ. ಕ್ರಿ.ಪೂ. ಮೂರನೆಯ ಸಹಸ್ರಮಾನದ ಹೊತ್ತಿಗೆ ಕೃಷ್ಣಾ ತುಂಗಭದ್ರೆಯರ ನಾಡಿನಲ್ಲಿ ದನ ಸಾಕುವವರು ನೆಲೆ ನಿಂತಿದ್ದರು. ಅವರು ಬಿಟ್ಟುಹೋದ ಅತಿ ವಿಚಿತ್ರ ಗುರುತು ಬೂದಿ ದಿಬ್ಬ. ಬಳ್ಳಾರಿ, ರಾಯಚೂರು, ಯಾದಗಿರಿ, ಆಚೆಗೆ ಆಂಧ್ರ, ತೆಲಂಗಾಣದವರೆಗೆ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳಿದ್ದವು. ಒಳಗೆಲ್ಲ ಬೂದಿ. ಕೆಲವು ಪದರ ಹಿಟ್ಟಿನಂತೆ ಮೆತ್ತಗೆ, ಕೆಲವು ಪದರ ಕಾವಿಗೆ ಕರಗಿ ಗಾಜಿನಂತೆ ಗಟ್ಟಿಯಾಗಿ, ತೂತು ತೂತಾಗಿ. ಕಂಡವರು ಬೆರಗಾಗದೆ ಇರಲಿಲ್ಲ. ಬಳ್ಳಾರಿಯ ಕುಪ್ಗಲ್ ದಿಬ್ಬವನ್ನು ಭೀಮ ಕೊಂದ ಹಿಡಿಂಬಾಸುರನ ಬೂದಿ ಎಂದರು, ಹಂಪಿ ಹತ್ತಿರದ ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಜಾಗ ಎಂದರು. ಬ್ರಿಟಿಷ್ ಅಧಿಕಾರಿಗಳು ಜ್ವಾಲಾಮುಖಿ ಎಂದೂ ಕುಲುಮೆ ಎಂದೂ ಊಹೆ ಮಾಡಿದರು. ದನದ ದೊಡ್ಡಿಗಳ ಸಗಣಿ ಸುಟ್ಟು ಆದದ್ದು ಎಂದು ಮೊದಲೇ ಗ್ರಹಿಸಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು. 1957ರಲ್ಲಿ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ಮರದ ಗೂಟ ನೆಟ್ಟ ಬೇಲಿಯ ಗುರುತು ಸಿಕ್ಕಿತು, ಪದರಗಳ ನಡುವೆ ದನದ ಗೊರಸಿನ ಅಚ್ಚುಗಳೂ ಸಿಕ್ಕವು. ನಾಲ್ಕು ಸಾವಿರ ವರ್ಷಗಳ ಹಿಂದೆ ಹಸಿ ಸಗಣಿಯಲ್ಲಿ ಒಂದು ಹಸು ಇಟ್ಟ ಹೆಜ್ಜೆ ಅದು. ವಿಜ್ಞಾನಿ ಎಫ್. ಇ. ಝಾಯ್ನರ್ ಬೂದಿಯನ್ನು ಪರೀಕ್ಷಿಸಿ ಸಗಣಿಯದೇ ಎಂದು ಖಚಿತಪಡಿಸಿದರು.

ನಮ್ಮಲ್ಲಿ ಕೊಡೇಕಲ್ ಹತ್ತಿರದ ದಿಬ್ಬವನ್ನು ಪದ್ದಯ್ಯ 1960ರ ದಶಕದಲ್ಲೇ ಅಗೆದಿದ್ದರು. ಕೊಡೇಕಲ್ ಎಂದರೆ ಕೊಡೇಕಲ್ ಬಸವಣ್ಣನ ಕಾಲಜ್ಞಾನ ನೆನೆಯುವ ಭಕ್ತರಿಗೆ ಅದೇ ಊರಿನ ಮಣ್ಣಿನಲ್ಲಿ ಇಂಥದ್ದೊಂದು ಹಿಂದಿನ ಕಾಲವೂ ಇದೆ ಎಂದು ಯಾರಾದರೂ ಹೇಳಬೇಕು. ಆದರೆ ದೊಡ್ಡ ಕಥೆ ಸಿಕ್ಕಿದ್ದು ಬೂದಿಹಾಳದಲ್ಲಿ. 1980ರ ದಶಕದ ಕೊನೆಯಿಂದ ಹಲವು ವರ್ಷ ಅಲ್ಲಿ ನಡೆದ ಅಗೆತದಲ್ಲಿ ಪದ್ದಯ್ಯ ದಿಬ್ಬಕ್ಕೆ ನಿಲ್ಲದೆ ಅದರ ಸುತ್ತಲಿನ ಜಾಗವನ್ನೂ ತೆರೆದರು. ದನದ ದೊಡ್ಡಿ, ಅದರ ಮಗ್ಗುಲಲ್ಲಿ ಸಗಣಿ ಒಟ್ಟಿ ಸುಡುತ್ತಿದ್ದ ಜಾಗ, ಕಲ್ಲಿನ ಬುನಾದಿಯ ಗುಡಿಸಲುಗಳು, ಚಕಮಕಿ ಕಲ್ಲಿನಿಂದ ಅಲಗು ಎಬ್ಬಿಸುತ್ತಿದ್ದ ಕಮ್ಮಟ, ದನ ಕಡಿದು ಮಾಂಸ ಬಿಡಿಸುತ್ತಿದ್ದ ಅಂಗಳ, ಎಲ್ಲವೂ ಒಂದೇ ಊರಿನೊಳಗೆ. ಮಡಿಕೆಗಳಲ್ಲಿ ಇಟ್ಟು ಹೂಳಿದ ಮಕ್ಕಳ ಸಮಾಧಿಗಳೂ ಸಿಕ್ಕವು. ಅಲ್ಲಿಯವರೆಗೆ ಬೂದಿ ದಿಬ್ಬ ಎಂದರೆ ಅಡವಿಯಲ್ಲಿನ ತಾತ್ಕಾಲಿಕ ಹಟ್ಟಿ ಎಂಬ ಅಭಿಪ್ರಾಯ ಬಲವಾಗಿತ್ತು. ಬೂದಿಹಾಳ ಅದನ್ನು ಅಲುಗಾಡಿಸಿತು. ಮಕ್ಕಳನ್ನು ಮನೆಯ ಹತ್ತಿರವೇ ಮಣ್ಣು ಮಾಡಿದ ಜನ ಆ ಜಾಗವನ್ನು ತಮ್ಮ ಊರು ಎಂದುಕೊಂಡಿದ್ದರು ಎನ್ನುವುದಕ್ಕೆ ನನಗೆ ಬೇರೆ ಪುರಾವೆ ಬೇಡ.

ಸಗಣಿಯನ್ನು ಏಕೆ ಸುಟ್ಟರು? ನಮ್ಮ ಮನೆಗಳಲ್ಲಿ ಸಗಣಿ ಎಂದರೆ ಗೊಬ್ಬರ, ಕುಳ್ಳು, ಸಾರಿಸಲು ಹದ. ಅದನ್ನು ವರ್ಷಗಟ್ಟಲೆ ಒಟ್ಟಿ, ಬೂದಿಯೇ ಕರಗುವಷ್ಟು ಕಾವಿನಲ್ಲಿ ಉರಿಸುವುದು ದಿನನಿತ್ಯದ ಕಸ ಸುಡುವ ಕೆಲಸದಂತೆ ಕಾಣುವುದಿಲ್ಲ. ಕೆಲವರು ಉಣ್ಣಿ, ನೊಣ, ರೋಗದ ಕಾಟಕ್ಕೆ ಎನ್ನುತ್ತಾರೆ. ಆಲ್ಚಿನ್ ಅದನ್ನು ಋತು ಬದಲಾಗುವಾಗಿನ ದನದ ಹಬ್ಬದ ಬೆಂಕಿ ಎಂದು ಕಂಡರು, ಇಂದಿನ ಸಂಕ್ರಾಂತಿ, ಹೋಳಿಯ ಬೆಂಕಿಗಳ ಜೊತೆ ಹೋಲಿಸಿದರು. ನಾನು ಆಲ್ಚಿನ್ ಕಡೆ ವಾಲುತ್ತೇನೆ. ಒಂದು ರಾತ್ರಿ ಆ ದಿಬ್ಬ ಹತ್ತಿ ಉರಿದರೆ ಕಣಿವೆಯ ಆ ತುದಿಗೂ ಕಾಣುತ್ತದೆ. ಬೇರೆ ಬೇರೆ ಹಟ್ಟಿಗಳ ಜನ ಅದನ್ನು ನೋಡಿ ಕೂಡಿರಬೇಕು, ದನ ಕೊಟ್ಟು ತಂದಿರಬೇಕು, ಹೆಣ್ಣು ಗಂಡು ನೋಡಿರಬೇಕು. ಬೂದಿಹಾಳದ ದನ ಕಡಿದ ಅಂಗಳ ಒಂದು ಮನೆಯ ಊಟಕ್ಕೆ ಬೇಕಾದದ್ದಕ್ಕಿಂತ ದೊಡ್ಡದು. ಅಲ್ಲಿ ಊರೂಟ ನಡೆದಿದೆ ಎಂದೇ ನನ್ನ ಎಣಿಕೆ.

ಅವರ ಊಟದ ಬಗ್ಗೆ ಒಂದು ಮಾತು. ದಕ್ಷಿಣದ ನವಶಿಲಾಯುಗದ, ಅಂದರೆ ಈ ದನಗಾಹಿಗಳ ಕಾಲದ, ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಅಧ್ಯಯನ ಮಾಡಿದ ಡೋರಿಯನ್ ಫುಲ್ಲರ್ ಮೊದಲಾದವರು ತೋರಿಸಿದಂತೆ ಇಲ್ಲಿಯ ಮೂಲ ಬೆಳೆಗಳು ಕೊರಲೆಯಂಥ ಕಿರುಧಾನ್ಯ, ಹುರುಳಿ ಮತ್ತು ಹೆಸರು. ನಮ್ಮ ಹೆಮ್ಮೆಯ ತೊಗರಿ ಆಮೇಲೆ ಪೂರ್ವ ಭಾರತದ ಕಡೆಯಿಂದ ಬಂದದ್ದು, ಜೋಳ ಆಫ್ರಿಕಾದ ಮೂಲದ್ದು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ನಮ್ಮ ಬುತ್ತಿಯಲ್ಲಿ ಇರುವ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಭಜ್ಜಿ ಎಲ್ಲ ಬೇರೆ ಬೇರೆ ಕಾಲದಲ್ಲಿ ಕಣಿವೆಗೆ ಇಳಿದ ಅತಿಥಿಗಳು. ಹುರುಳಿಯ ಕಟ್ಟು ಮಾತ್ರ ಗೂಳಿ ಬಿಡಿಸಿದವರ ಕಾಲದ್ದು.

ಈಗ ಆ ಬಂಡೆಯ ಗೂಳಿಯನ್ನು ನೋಡಿದರೆ ಕೊಂಬು ಏಕೆ ಅಷ್ಟು ಉದ್ದ ಎಂಬುದಕ್ಕೆ ಒಂದು ದಾರಿ ಕಾಣುತ್ತದೆ. ದನ ಅವರಿಗೆ ಹಾಲು, ಮಾಂಸ, ಸಂಪತ್ತು, ಮಾನ. ಊರಿನ ನಡುವೆ ಎದ್ದು ನಿಂತ ಬೂದಿಗುಡ್ಡ ಎಂದರೆ ನಮ್ಮಲ್ಲಿ ಇಷ್ಟು ದನ ಇತ್ತು ಎಂಬ ಲೆಕ್ಕ. ಕಾರ ಹುಣ್ಣಿಮೆಯ ದಿನ ನಮ್ಮ ಊರುಗಳಲ್ಲಿ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೋಡಣಸು ತೊಡಿಸಿ, ಕರಿ ಹರಿಯಲು ಓಡಿಸುವವರು ಇದನ್ನು ಪುಸ್ತಕವಿಲ್ಲದೆ ಅರ್ಥ ಮಾಡಿಕೊಳ್ಳುತ್ತಾರೆ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಹಸಿ ಎರೆಮಣ್ಣಿನಲ್ಲಿ ಎತ್ತು ಮಾಡುವಾಗಲೂ ಮೊದಲು ನೋಡುವುದು ಹಿಣಲು ಮತ್ತು ಕೊಂಬನ್ನು. ಪಿಕಳಿಹಾಳದ ಅಗೆತದಲ್ಲಿಯೂ ಸುಟ್ಟ ಮಣ್ಣಿನ ಪುಟ್ಟ ದನಗಳು ಸಿಕ್ಕಿವೆ. ನಡುವೆ ನಾಲ್ಕು ಸಾವಿರ ವರ್ಷಗಳ ನೇರ ಎಳೆ ಇದೆ ಎಂದು ಸಾಧಿಸಲು ನಾನು ಹೊರಟಿಲ್ಲ. ಇದೇ ಎರೆಮಣ್ಣು, ಇದೇ ಮುಂಗಾರು, ಇದೇ ದನ ಇರುವ ಕಡೆ ಕೈಗಳು ಒಂದೇ ಆಕಾರಕ್ಕೆ ಮತ್ತೆ ಮತ್ತೆ ಬರುತ್ತವೆ.

ಬಂಡೆಯ ಮೇಲೆ ಎಲ್ಲವೂ ಒಂದೇ ಕಾಲದ್ದೂ ಅಲ್ಲ. ಹಳೆಯ ಗೂಳಿಯ ಮೇಲೆ ಆಮೇಲಿನ ಕುದುರೆ ಸವಾರ ಬಂದಿದ್ದಾನೆ, ಅವನ ಪಕ್ಕ ಇನ್ನೂ ಈಚಿನವರ ಹೆಸರು. ಕೊಪ್ಪಳದ ಹಿರೇಬೆಣಕಲ್ ಗುಡ್ಡದ ಕೆಂಪು ಚಿತ್ರಗಳಲ್ಲೂ ಕುದುರೆ, ಆಯುಧ ಹಿಡಿದ ಜನ, ಕುಣಿತ ಎಲ್ಲ ಇವೆ. ಕುಪ್ಗಲ್‌ನಲ್ಲಿ ಕುಟ್ಟು ಚಿತ್ರಗಳ ನಡುವೆಯೇ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿವೆ. ಬಡಿದು ಬಡಿದು ನುಣುಪಾದ ಗುಳಿಗಳು ಅವುಗಳ ಮೇಲೆ ಉಳಿದಿವೆ. ಚಿತ್ರ ಬಿಡಿಸುವ ಕೆಲಸವೇ ಸದ್ದಿನ ಕೆಲಸವೂ ಆಗಿತ್ತು. ಬಂಡೆ ಕುಟ್ಟುವ ಆ ಸಪ್ಪಳ ಕೆಳಗಿನ ಹಟ್ಟಿಗೆ ಕೇಳಿಸಿರಬೇಕು.

ಕಬ್ಬಿಣ ಬಂದ ಮೇಲೆ ಈ ಕಣಿವೆಗಳು ಸತ್ತವರಿಗೂ ಜಾಗ ಕೊಟ್ಟವು. ರಾಜನಕೋಳೂರಿನ ಕಲ್ಮನೆಗಳು (ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳು), ಜೇವರ್ಗಿ ಕಡೆಯ ಕಲ್ಗುಪ್ಪೆಗಳು (ಕಲ್ಲು ಗುಡ್ಡೆ ಹಾಕಿದ ಸಮಾಧಿಗಳು), ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಗುಂಡುಗಳ ಸಾಲುಗಳು. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಇವನ್ನು ಅಳೆದು, ಕೆಲವನ್ನು ಅಗೆಸಿ, ಬರೆದಿಟ್ಟರು. ಸುರಪುರದ ಗುಡ್ಡದ ಮೇಲೆ ಅವರ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಯುರೋಪಿನಲ್ಲಿ ಇಂಥವೇ ಕಲ್ಲುಗಳನ್ನು ಕಂಡಿದ್ದ ಅವರು ಇವನ್ನೂ ಕೆಲ್ಟರದೋ ಸಿಥಿಯನ್ನರದೋ ಇರಬೇಕು ಎಂದುಕೊಂಡರು. ಆ ಊಹೆ ನಿಲ್ಲಲಿಲ್ಲ, ಅವರ ಅಳತೆಗಳು ನಿಂತವು. ವಿಭೂತಿಹಳ್ಳಿಯ ಬಯಲಿನಲ್ಲಿ ಆಳೆತ್ತರವಿಲ್ಲದ ಗುಂಡುಗಳನ್ನು ಓರೆ ಸಾಲುಗಳಲ್ಲಿ, ಲೆಕ್ಕ ಹಾಕಿ ಇಟ್ಟಂತೆ ಇಟ್ಟಿದ್ದಾರೆ. ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಆ ಸಾಲುಗಳ ದಿಕ್ಕನ್ನು ಸೂರ್ಯ ಉತ್ತರಾಯಣ ದಕ್ಷಿಣಾಯನಗಳಲ್ಲಿ ಹುಟ್ಟಿ ಮುಳುಗುವ ಬಿಂದುಗಳೊಂದಿಗೆ ಹೋಲಿಸಿ ನೋಡಿದ್ದಾರೆ. ಮಳೆ ಯಾವಾಗ ಎಂಬುದರ ಮೇಲೆ ಬದುಕು ನಿಂತ ಜನ ಸೂರ್ಯನ ದಾರಿಗೆ ಗುರುತು ಇಟ್ಟರೆ ಅದು ನನಗೆ ಸಹಜವಾಗಿಯೇ ತೋರುತ್ತದೆ.

ಆಮೇಲಿನ ಚರಿತ್ರೆ ನಿಮಗೆ ಗೊತ್ತಿರುವಂಥದ್ದು: ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ, ಕನಗನಹಳ್ಳಿಯ ಸ್ತೂಪ, 1705ರಲ್ಲಿ ವಾಗಿನಗೇರಿಯ ಗುಡ್ಡಗಳ ನಡುವೆ ಔರಂಗಜೇಬನ ಸೈನ್ಯವನ್ನು ಎದುರಿಸಿದ ಬೇಡ ನಾಯಕರು. ಅವರ ಕೋಟೆಯ ಕಥೆ ಹೇಳುವವರು ಬಹಳ ಮಂದಿ ಇದ್ದಾರೆ.

ಹೇಳುವವರು ಕಡಿಮೆ ಇರುವುದು ಈಗ ಕಣಿವೆಗೆ ಆಗುತ್ತಿರುವುದರ ಬಗ್ಗೆ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಬಂದು ಹುಣಸಗಿ, ಸುರಪುರ, ಶಹಾಪುರಗಳ ಹೊಲಗಳಿಗೆ ನೀರು ಹರಿದಿದೆ. ಬೇಸಿಗೆಯಲ್ಲಿ ಬತ್ತುತ್ತಿದ್ದ ತಗ್ಗುಗಳಲ್ಲಿ ಈಗ ಭತ್ತ ತೂಗುತ್ತದೆ. ಮೂರು ತಲೆಮಾರು ಬರ ಉಂಡ ಮನೆಗಳಿಗೆ ಅನ್ನ ಬಂದಿದೆ, ಅದನ್ನು ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಗದ್ದೆಗೆ ನೆಲ ಮಟ್ಟವಾಗಬೇಕು. ಜೆಸಿಬಿ ಒಂದು ದಿನದಲ್ಲಿ ಮಟ್ಟ ಮಾಡುವ ದಿಬ್ಬದಲ್ಲಿ ಏನಿತ್ತೆಂದು ಆಮೇಲೆ ಯಾರೂ ಹೇಳಲಾರರು. ಬೂದಿ ಹೊಲಕ್ಕೆ ಒಳ್ಳೆಯದೆಂದು ಗಾಡಿಗಟ್ಟಲೆ ಒಯ್ದ ದಿಬ್ಬಗಳಿವೆ. ನಿಧಿಯ ಆಸೆಗೆ ರಾತ್ರೋರಾತ್ರಿ ಅಗೆದ ಕಲ್ಮನೆಗಳಿವೆ. ಅವುಗಳೊಳಗೆ ಇರುವುದು ಮಡಿಕೆ, ಮೂಳೆ, ತುಕ್ಕು ಹಿಡಿದ ಕಬ್ಬಿಣ. ಚಿನ್ನ ಹುಡುಕಿ ಹೋದವರು ಅದನ್ನು ಒಡೆದು ಬಿಸಾಡಿ ಬರುತ್ತಾರೆ.

ಇಸಾಂಪುರ ಬೆಳಕಿಗೆ ಬಂದದ್ದೂ ಕಾಲುವೆಯ ಕಾಮಗಾರಿಯಿಂದಲೇ ಎಂಬುದನ್ನು ನಾನು ಮರೆತಿಲ್ಲ. ಅಲ್ಲಿ ಮಣ್ಣು ಎತ್ತಿದ ಮೇಲೆ ಕಂಡದ್ದನ್ನು ಗುರುತಿಸಬಲ್ಲ ಕಣ್ಣು ಹತ್ತಿರದಲ್ಲೇ ಇತ್ತು. ಪ್ರತಿ ಹೊಲಕ್ಕೂ ಒಬ್ಬ ಪುರಾತತ್ವಜ್ಞ ಬರಲಾರ. ಆ ಕಣ್ಣು ಊರಿನವರದ್ದೇ ಆಗಬೇಕು. ಹುಣಸಗಿಯ ಹೈಸ್ಕೂಲಿನ ಹುಡುಗಿಗೆ ಕೈಗೊಡಲಿ ಹೇಗಿರುತ್ತದೆ ಎಂದು ಗೊತ್ತಿರಬೇಕು. ಟ್ರ್ಯಾಕ್ಟರ್ ಓಡಿಸುವವನಿಗೆ ಬೂದಿಯ ಪದರ ಕಂಡರೆ ಎಂಜಿನ್ ನಿಲ್ಲಿಸುವ ಅರಿವು ಇರಬೇಕು. ಸರ್ಕಾರಿ ವಸ್ತುಸಂಗ್ರಹಾಲಯ ಕಲಬುರಗಿಯಲ್ಲಿದೆ, ಬಹಮನಿ ಕಾಲದ ಗೋರಿಗಳೊಳಗೆ ಸನ್ನತಿಯ ಶಿಲ್ಪಗಳನ್ನು ಇಟ್ಟುಕೊಂಡು. ಹುಣಸಗಿಯಲ್ಲೇ ಒಂದು ಕೋಣೆ, ನಾಲ್ಕು ಕಪಾಟು, ಗೋಡೆಯ ಮೇಲೊಂದು ಕಣಿವೆಯ ನಕ್ಷೆ ಇದ್ದರೆ ಈ ಮಾತು ಬಲು ಬೇಗ ಹರಡುತ್ತದೆ. ತಾಲ್ಲೂಕು ಕೇಂದ್ರಕ್ಕೆ ಅದು ದೊಡ್ಡ ಖರ್ಚಲ್ಲ.

ನೋಡಲು ಹೋಗುವವರಿಗೆ ಕೆಲವು ಮಾತು. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ, ಹುಲ್ಲು ಒಣಗಿ ನೆಲ ಕಾಣುತ್ತದೆ, ಬಿಸಿಲೂ ತಡೆಯುವಷ್ಟಿರುತ್ತದೆ. ಕುಟ್ಟು ಚಿತ್ರ ನೋಡುವುದಾದರೆ ಬೆಳಗಿನ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ ಬಂಡೆಯ ಮುಂದೆ ಇರಿ. ಗೆರೆ ಎದ್ದು ಕಾಣಲಿ ಎಂದು ಸೀಮೆಸುಣ್ಣ ಹಚ್ಚಬೇಡಿ, ಬಣ್ಣ ಹೊಳೆಯಲಿ ಎಂದು ನೀರು ಎರಚಬೇಡಿ. ಎರಡರಿಂದಲೂ ಬಂಡೆಯ ಮೈ ಕೆಡುತ್ತದೆ. ಬದುವಿನಲ್ಲಿ ಅಂಚು ಕೆತ್ತಿದ ಸುಣ್ಣಕಲ್ಲು ಕಣ್ಣಿಗೆ ಬಿದ್ದರೆ ಕೈಚೀಲಕ್ಕೆ ಹಾಕಿಕೊಳ್ಳುವ ಆಸೆ ಆಗುತ್ತದೆ. ಎತ್ತಬೇಡಿ. ಆ ಕಲ್ಲಿನಿಂದ ಎದ್ದ ಚಕ್ಕೆಗಳು ಒಂದು ಮಾರಿನೊಳಗೆ ಬಿದ್ದಿರಬಹುದು. ಕಲ್ಲು ಮತ್ತು ಚಕ್ಕೆ ಇದ್ದ ಜಾಗದಲ್ಲೇ ಇದ್ದರೆ ಮಾತ್ರ ಯಾರೋ ಅಲ್ಲಿ ಕೂತು ಕೆಲಸ ಮಾಡಿದ್ದರು ಎಂದು ಓದಲು ಬರುತ್ತದೆ. ಇಸಾಂಪುರವನ್ನು ಕಮ್ಮಟ ಎಂದು ಗುರುತಿಸಲು ಆದದ್ದೂ ಅದರಿಂದಲೇ. ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಅಳತೆ ತಿಳಿಯುವಂತೆ ಫೋಟೊ ತೆಗೆದುಕೊಳ್ಳಿ, ಸರ್ವೆ ನಂಬರ್ ಕೇಳಿ ಬರೆದುಕೊಳ್ಳಿ, ಹೊಲದವರಿಗೆ ಅದೇನೆಂದು ತೋರಿಸಿ ಹೇಳಿ, ಆಮೇಲೆ ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ.